ಫೈಬರ್ ಕವಚ ಮನೆಯಲ್ಲೇ ಮಾಡುವ ಮುನ್ನ ಇದನ್ನು ಓದಿ

ಕಾಸ್‌ಪ್ಲೇಗೋ (ಸಿನಿಮಾ, ಗೇಮ್ ಪಾತ್ರಗಳ ವೇಷ ಹಾಕುವ ಹವ್ಯಾಸ), ಊರಿನ ಪೌರಾಣಿಕ ನಾಟಕಕ್ಕೋ ಫೈಬರ್‌ಗ್ಲಾಸ್ ಕವಚ ಮಾಡಲು ಹೊರಟವರಿಗೆ ಮೊದಲೇ ಒಂದು ಮಾತು. ಫೈಬರ್‌ಗೆ ಬಳಿಯುವ ಅಂಟುದ್ರವ ರೆಸಿನ್ ಕೊಂಡಾಗ ಅದರ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ಒಂದರಲ್ಲಿ ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ, ಇನ್ನೊಂದರಲ್ಲಿ ರೆಸಿನ್ ಗಟ್ಟಿಮಾಡುವ ತಿಳಿಯಾದ ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ. ನಾಲ್ಕು ಹನಿಯೂ ಬೇಡ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ.

ನನ್ನ ತಮ್ಮನಿಗೆ ಜಾತ್ರೆ ನಾಟಕದಲ್ಲಿ ಕರ್ಣನ ಪಾತ್ರ ಸಿಕ್ಕಿತ್ತು. ಬಾಡಿಗೆಗೆ ಬರುವ ಡ್ರೆಸ್ ಹಳೆಯದು, ಅವನಿಗೆ ಬಿಗಿ ಬೇರೆ. ಎದೆಕವಚ, ಭುಜಕೀರ್ತಿ ತಾನೇ ಮಾಡಿಕೊಳ್ಳುತ್ತೇನೆ ಅಂದ. ದಪ್ಪ ಕಾಗದದಲ್ಲಿ ಆಕಾರ ಕಟ್ಟಿ, ಹೊರಗೆ ತೆಳ್ಳಗೆ ರೆಸಿನ್ ಬಳಿದು, ಒಳಗೆ ಗಾಜಿನ ಎಳೆಗಳ ಹಾಳೆ, ಅಂದರೆ ಫೈಬರ್ ಮ್ಯಾಟ್ ಕೂರಿಸುವ ವಿಧಾನ. ಕಾಸ್‌ಪ್ಲೇ ಮಾಡುವ ಎಷ್ಟೋ ಜನ ಹೀಗೇ ಮಾಡುತ್ತಾರೆ. ಆದರೆ ಅಂಗಡಿಯವರು ಆ ಎರಡೂ ದ್ರವಗಳನ್ನು ಹಳೇ ನೀರಿನ ಬಾಟಲಿಗಳಲ್ಲಿ ತುಂಬಿಸಿ ಕೊಟ್ಟರು. ಹೆಸರಿಲ್ಲ, ಲೇಬಲ್ ಇಲ್ಲ. "ಎರಡನ್ನೂ ಮೊದಲೇ ಕಲಸಿಟ್ಟುಕೊಳ್ಳಿ, ಆಮೇಲೆ ರೆಸಿನ್‌ಗೆ ಹಾಕಿ, ಬೇಗ ಸೆಟ್ ಆಗುತ್ತೆ" ಅಂತ ಬೇರೆ ಹೇಳಿ ಕಳಿಸಿದರು.

ಅವರು ಹೇಳಿದಂತೆಯೇ ತಮ್ಮ ಒಂದು ಮುಚ್ಚಳದಲ್ಲಿ ಎರಡನ್ನೂ ಚೂರು ಚೂರು ಸುರಿದ. ಬುಸ್ಸೆಂದು ಹೊಗೆ ಎದ್ದು ಮುಖಕ್ಕೇ ಸಿಡಿಯಿತು. ಕೆನ್ನೆ ಸುಟ್ಟಿತು, ಮಣಿಕಟ್ಟು ಸುಟ್ಟಿತು. ಕನ್ನಡಕದ ಮೇಲೆಲ್ಲ ಹನಿ ಬಿದ್ದಿತ್ತು. ಕನ್ನಡಕ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ನನಗೆ ಈಗಲೂ ಕೈ ನಡುಗುತ್ತದೆ. ಅಮ್ಮ ಅವನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಣ್ಣೀರು ಸುರಿಯುತ್ತಲೇ ಇದ್ದರು. ಸುಟ್ಟ ಕೆನ್ನೆಗೆ ಬಣ್ಣ ಹಚ್ಚುವ ಹಾಗಿರಲಿಲ್ಲ. ಪಾತ್ರ ಬೇರೆಯವರಿಗೆ ಹೋಯಿತು.

ಹಾರ್ಡನರ್ ಅನ್ನುವುದು ಎಂಇಕೆಪಿ ಎಂಬ ಪೆರಾಕ್ಸೈಡ್. ಅದನ್ನು ಒಡೆಯುವುದೇ ಕೋಬಾಲ್ಟ್‌ನ ಕೆಲಸ. ಇವೆರಡೂ ರೆಸಿನ್‌ನ ತುಂಬೆಲ್ಲ ಹರಡಿಕೊಂಡಿದ್ದಾಗ ಈ ಕೆಲಸ ನಿಧಾನವಾಗಿ ನಡೆದು ರೆಸಿನ್ ಗಟ್ಟಿಯಾಗುತ್ತದೆ. ಎರಡೇ ನೇರವಾಗಿ ಸೇರಿದರೆ ಅಷ್ಟೂ ಶಾಖ ಒಂದೇ ಸಲ ಹೊರಬರುತ್ತದೆ. ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಅದಕ್ಕೇ ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು. ಆಮೇಲಷ್ಟೇ ಹಾರ್ಡನರ್. ಕೆಲವು ರೆಸಿನ್‌ಗೆ ಕೋಬಾಲ್ಟ್ ಮೊದಲೇ ಸೇರಿಸಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕ್ಷಣವೇ ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ನೀರು ಹಾಯಿಸಿ, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಓಡಿ.

ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದೂ ಅಪಾಯ. ಸಾಮಾನ್ಯವಾಗಿ 100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ ಸಾಕು, ಬಿಸಿಲುಗಾಲದಲ್ಲಿ ಇನ್ನೂ ಕಡಿಮೆ. ಕಲಸಿದ ರೆಸಿನ್ ಡಬ್ಬದಲ್ಲೇ ಉಳಿದರೆ ತಾನಾಗಿ ಕಾದು 100 ಡಿಗ್ರಿ ದಾಟುತ್ತದೆ, ಹೊಗೆಯಾಡುತ್ತದೆ. ಒಂದು ಸಲಕ್ಕೆ ಬೇಕಾದಷ್ಟೇ ಕಲಸಿ.

ಇನ್ನು ಆ ಘಾಟು. ನಾವು ರೆಸಿನ್ ಡಬ್ಬ ತೆರೆದಿಟ್ಟದ್ದು ಸ್ವಲ್ಪ ಹೊತ್ತು ಮಾತ್ರ. ಅಷ್ಟಕ್ಕೇ ಮನೆಯವರೆಲ್ಲರಿಗೂ ತಲೆನೋವು. ಅದು ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ಆವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2018ರಲ್ಲಿ ಸ್ಟೈರೀನನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲದು ಎಂಬ ಗುಂಪಿಗೆ ಸೇರಿಸಿದೆ. ಕೋವಿಡ್ ಕಾಲದ ಎನ್95 ಮಾಸ್ಕ್ ಹಾಕಿಕೊಂಡರೆ ಸಾಕು ಅನ್ನುವವರಿದ್ದಾರೆ. ಸಾಲದು. ಅದು ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಇಂಥ ಆವಿಯನ್ನು ಹೀರಿಕೊಳ್ಳುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು, ಕೆಲಸ ಬಯಲಲ್ಲೇ ಆಗಬೇಕು. ಸ್ಟೈರೀನ್ ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ ಇರುತ್ತದೆ, ಅಲ್ವಾ? ಪಕ್ಕದಲ್ಲೇ ಗ್ಯಾಸ್ ಒಲೆಯೋ ದೇವರ ದೀಪವೋ ಇದ್ದರೆ ಕಥೆ ಮುಗಿಯಿತು.

ಥರ್ಮೋಕೋಲ್ ಮೇಲೆ ಈ ರೆಸಿನ್ ಬಳಿಯಬೇಡಿ, ಕರಗಿಹೋಗುತ್ತದೆ. ಗ್ಲಾಸ್ ಎಳೆ ಚುಚ್ಚಿ ತುರಿಸಿದರೆ ಉಜ್ಜಬೇಡಿ, ತಣ್ಣೀರು ಹರಿಸಿ ತೊಳೆಯಿರಿ. ಈ ಕೆಲಸಕ್ಕೆ ಹಾಕಿಕೊಂಡ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಒಗೆಯಬೇಡಿ.

ನನ್ನನ್ನು ಕೇಳಿದರೆ, ನಾಟಕಕ್ಕೆ ಈ ಫೈಬರ್ ಬೇಕಾಗಿಯೇ ಇಲ್ಲ. ಇವಿಎ ಫೋಮ್ ಶೀಟ್ ಕತ್ತರಿಸಿ, ಹೀಟ್ ಗನ್‌ನಿಂದ ಬಗ್ಗಿಸಿ, ಅಂಟು ಹಾಕಿ, ಚಿನ್ನದ ಬಣ್ಣ ಬಳಿದರೆ ಸ್ಟೇಜಿನ ದೀಪದಲ್ಲಿ ಲೋಹದ ಹಾಗೇ ಕಾಣುತ್ತದೆ. ಅದಕ್ಕೂ ಗಾಳಿ ಆಡುವ ಜಾಗ ಬೇಕು, ಅಷ್ಟೆ. ನಮ್ಮ ಯಕ್ಷಗಾನದವರು ಹಗುರ ಮರ ಕೆತ್ತಿ, ಬೇಗಡೆ ಅಂಟಿಸಿ ಎಷ್ಟು ಚಂದದ ಭುಜಕೀರ್ತಿ, ಎದೆಕಟ್ಟು ಮಾಡುತ್ತಾ ಬಂದಿದ್ದಾರೆ! ರಾತ್ರಿಯಿಡೀ ಕುಣಿದರೂ ತಡೆಯುವಂಥವು.

ನಿಮ್ಮ ಮನೆಯಲ್ಲಿ ಈಗಾಗಲೇ ಈ ಸಾಮಾನು ಇದ್ದರೆ ಇವತ್ತೇ ಒಮ್ಮೆ ನೋಡಿ. ಕೋಬಾಲ್ಟ್ ಮತ್ತು ಹಾರ್ಡನರ್ ಒಂದೇ ಚೀಲದಲ್ಲಿ ಇರಬಾರದು. ಹಾರ್ಡನರ್ ಪಕ್ಕ ಬ್ರಷ್ ತೊಳೆಯುವ ಅಸಿಟೋನ್ ಕೂಡ ಬೇಡ. ಕೋಬಾಲ್ಟ್, ಹಾರ್ಡನರ್ ಎರಡಕ್ಕೂ ದೊಡ್ಡಕ್ಷರದಲ್ಲಿ ಹೆಸರು ಬರೆದು, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಬೇರೆ ಇಡಿ. ನೀರಿನ ಬಾಟಲಿಯಲ್ಲಿ ಕೊಟ್ಟರೆ ತಗೊಳ್ಳಲೇಬೇಡಿ. ಹಾರ್ಡನರ್ ನೋಡಲು ಥೇಟ್ ನೀರೇ. ಬಾಯಾರಿದವರು ಕುಡಿದರೆ ಜೀವಕ್ಕೇ ಅಪಾಯ.