ಸ್ನ್ಯಾಪ್‌ಡ್ರ್ಯಾಗನ್ ಬೇಕಾ, ಟೋಡ್‌ಫ್ಲ್ಯಾಕ್ಸ್ ಬೇಕಾ?

ಎರಡರ ಹೂವಿಗೂ ಮುಚ್ಚಿದ ಬಾಯಿ. ಪಕ್ಕದಿಂದ ಮೆಲ್ಲಗೆ ಒತ್ತಿದರೆ ತೆರೆಯುತ್ತದೆ. ಗಟ್ಟಿ ದುಂಬಿಯಾದರೆ ತಾನೇ ತಳ್ಳಿ ಒಳಗೆ ನುಗ್ಗುತ್ತದೆ. ಹಾಗಾದರೆ ಗುರುತಿಸೋದು ಹೇಗೆ? ಹೂವಿನ ಬುಡ ನೋಡಿ. ಟೋಡ್‌ಫ್ಲ್ಯಾಕ್ಸ್‌ಗೆ ಅಲ್ಲಿ ಚೂಪಾದ ಬಾಲವಿದೆ, ಅದರೊಳಗೆ ಮಕರಂದ. ಸ್ನ್ಯಾಪ್‌ಡ್ರ್ಯಾಗನ್‌ಗೆ ಸಣ್ಣ ಉಬ್ಬು ಅಷ್ಟೆ.

ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಎರಡನ್ನೂ ಆಂಟಿರೈನಮ್ ಕುಲದಲ್ಲೇ ಇಟ್ಟಿದ್ದರು. ಮರುವರ್ಷವೇ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ ಟೋಡ್‌ಫ್ಲ್ಯಾಕ್ಸನ್ನು ಲಿನೇರಿಯ ಎಂದು ಬೇರೆ ಮಾಡಿದರು. ನನಗೆ ಅದೇ ಸರಿ ಅನ್ನಿಸುತ್ತದೆ, ಆ ಬಾಲ ಸುಮ್ನೆ ಅಲಂಕಾರ ಅಲ್ವಲ್ಲ! ಡಿಎನ್‌ಎ ಅಧ್ಯಯನದ ನಂತರ ಎರಡೂ ಪ್ಲಾಂಟಾಜಿನೇಸಿ ಕುಟುಂಬಕ್ಕೆ ಬಂದಿವೆ.

ಬೆಳೆಸೋಕೆ ಯಾವುದು? ಹಳದಿ ಟೋಡ್‌ಫ್ಲ್ಯಾಕ್ಸ್ ಬೇರಿನಿಂದಲೇ ಹಬ್ಬುತ್ತದೆ. ಉತ್ತರ ಅಮೆರಿಕದಲ್ಲಿ ಅದು ದೊಡ್ಡ ಕಳೆ. ಜಾಗ ಕಡಿಮೆಯಿದ್ದರೆ ಸ್ನ್ಯಾಪ್‌ಡ್ರ್ಯಾಗನ್ನೇ ಆರಿಸಿ. ಹಳೇ ಕಲ್ಲುಗೋಡೆಯ ಬಿರುಕಿನಲ್ಲೂ ಅದು ಬೇರೂರುತ್ತದೆ.