ಹಿತ್ತಲ ಗ್ರೀನ್‌ಹೌಸ್‌ನಲ್ಲಿ ಆರ್ಕಿಡ್: ಚಳಿಗಾಲಗಳು ಕಳೆದ ಮೇಲೆ ಬರೆದ ವಿಮರ್ಶೆ

ಇಂಗ್ಲೆಂಡಿನ ಡರ್ಬಿ ಹತ್ತಿರ, ನಮ್ಮ ಮನೆಯ ಹಿತ್ತಲಲ್ಲಿ 8 ಅಡಿ ಉದ್ದ, 6 ಅಡಿ ಅಗಲದ, ಪಾಲಿಕಾರ್ಬನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಗ್ರೀನ್‌ಹೌಸ್ ಇದೆ. ಒಳಗಿರುವುದು ಬರೀ ಆರ್ಕಿಡ್. ಇಂಥ ವಸ್ತುವಿನ ನಿಜವಾದ ಬಣ್ಣ ಗೊತ್ತಾಗುವುದು ಚಳಿಗಾಲದಲ್ಲಿ. ಅದಕ್ಕೇ ಇಷ್ಟು ದಿನ ಬಳಸಿ ನೋಡಿ ಬರೆಯುತ್ತಿದ್ದೇನೆ. 2022ರ ಜುಲೈ ಬಿಸಿಲು, ಅದೇ ವರ್ಷದ ಡಿಸೆಂಬರ್‌ನ ಕೊರೆಯುವ ಚಳಿ ಎರಡನ್ನೂ ಇದು ಕಂಡಿದೆ. ಗ್ರೀನ್‌ಹೌಸ್ ಚೆನ್ನಾಗಿದೆ. ಹೀಟರ್ ಪರವಾಗಿಲ್ಲ. ಆದರೆ ಶಾಖ ನೋಡಿಕೊಂಡು ಹೀಟರನ್ನು ಹೊತ್ತಿಸಿ ಆರಿಸುವ, ಅದರ ಒಳಗೇ ಇರುವ ಥರ್ಮೋಸ್ಟ್ಯಾಟ್ ಆರ್ಕಿಡ್‌ಗೆ ಆಗಿಬರುವುದಿಲ್ಲ.

ಮೊದಲು ಗೋಡೆಯ ವಿಷಯ. ನಮ್ಮದು ಎರಡು ಪದರದ, 6 ಮಿಲಿಮೀಟರ್ ದಪ್ಪದ ಹಾಳೆ. ಒಂಟಿ ಗಾಜಿನ ಗೋಡೆಯಾದರೆ ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರ್‌ಗೆ ಸುಮಾರು 5.7 ವ್ಯಾಟ್ ಶಾಖ ಸೋರಿಹೋಗುತ್ತದೆ. ಈ ಹಾಳೆಯಲ್ಲಿ ಅದು 3.5ರ ಆಸುಪಾಸು. ಗೋಡೆ, ಚಾವಣಿ ಎಲ್ಲ ಸೇರಿ ಸುಮಾರು 20 ಚದರ ಮೀಟರ್ ಎಂದಿಟ್ಟುಕೊಳ್ಳಿ. ಹೊರಗೆ 2 ಡಿಗ್ರಿ ಇದ್ದಾಗ ಒಳಗೆ 12 ಬೇಕೆಂದರೆ ಒಂದೇ ಸಮನೆ 700 ವ್ಯಾಟ್ ಬೇಕು. 18 ಬೇಕೆಂದರೆ 1,120 ವ್ಯಾಟ್. ರಾತ್ರಿ 14 ಗಂಟೆ ಹೀಗೆ ಕಾಯಿಸಿದರೆ ಹತ್ತು ಯೂನಿಟ್ ಸಾಕಾಗುವ ಕಡೆ ಹದಿನಾರು ಯೂನಿಟ್ ಉರಿಯುತ್ತದೆ. ಯೂನಿಟ್‌ಗೆ 25ರಿಂದ 27 ಪೆನ್ಸ್ ಹಿಡಿದರೂ ಒಂದು ರಾತ್ರಿಗೆ ಎರಡೂವರೆ ಪೌಂಡ್ ಎಲ್ಲಿ, ನಾಲ್ಕು ಪೌಂಡ್ ಎಲ್ಲಿ! ಹೀಟರ್ ಕೊಳ್ಳುವ ಮುಂಚೆ ಎಲ್ಲರೂ ಈ ಲೆಕ್ಕ ಹಾಕಿ ನೋಡಲೇಬೇಕು.

ಈ ಲೆಕ್ಕದಲ್ಲಿ ಸಂದುಗಳಿಂದ ನುಗ್ಗುವ ಗಾಳಿ ಸೇರಿಲ್ಲ. ಗ್ರೀನ್‌ಹೌಸ್ ಕಿಟ್ ಜೊತೆ ಬಂದ ಜಾರುಬಾಗಿಲಿನ ಅಂಚಿನಲ್ಲಿ ಬೆರಳು ತೂರುವಷ್ಟು ಜಾಗ ಇತ್ತು. ಮಾರಿದವರಿಗೆ ಬರೆದೆ, ಅದು ಹಾಗೇ ಇರುವುದು ಎಂದರು. ಮೀಟರ್ ಲೆಕ್ಕದಲ್ಲಿ ಸಿಗುವ ಬ್ರಷ್ ಪಟ್ಟಿ ತಂದು ಅಂಟಿಸಿದ ಮೇಲೆ ಗಾಳಿ ನಿಂತಿತು. ಸಂದು ಮುಚ್ಚದೆ ದೊಡ್ಡ ಹೀಟರ್ ಇಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಉತ್ತರದ ಗೋಡೆಗೆ ಒಳಗಿನಿಂದ ದೊಡ್ಡ ಗುಳ್ಳೆಯ ಬಬಲ್ ರ‍್ಯಾಪ್ ಹಾಕಿದ್ದೇವೆ. ದಕ್ಷಿಣಕ್ಕೆ ಹಾಕಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲೇ ಎಂಟು ಗಂಟೆ ಇರುವುದಿಲ್ಲ, ಆ ಬೆಳಕನ್ನೂ ತಡೆದರೆ ಗಿಡ ಹೂ ಬಿಡುವುದಾದರೂ ಹೇಗೆ?

ಹಾಳೆ ಕೂರಿಸುವಾಗ ಬಿಸಿಲಿನ ಯುವಿ ಕಿರಣ ತಡೆಯುವ ಲೇಪನದ ಮೈ ಹೊರಗಿರಬೇಕು. ಹಾಳೆಯೊಳಗಿನ ಸಣ್ಣ ಕೊಳವೆಗಳ ಮೇಲ್ತುದಿಗೆ ಅಲ್ಯೂಮಿನಿಯಂ ಟೇಪ್ ಹಾಕಿ, ಕೆಳತುದಿಗೆ ಗಾಳಿಯಾಡುವ ಟೇಪ್ ಹಾಕಿ. ಕಿಟ್‌ನಲ್ಲಿ ಇವೆರಡೂ ಇರಲಿಲ್ಲ, ಇರಬೇಕಿತ್ತು. ತೆರೆದು ಬಿಟ್ಟರೆ ಒಳಗೆ ನೀರು ನಿಂತು ಪಾಚಿ ಕಟ್ಟುತ್ತದೆ, ಆಮೇಲೆ ತೊಳೆಯಲು ದಾರಿಯಿಲ್ಲ.

ಈಗ ಹೀಟರ್. 2 ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಫ್ಯಾನ್ ಹೀಟರ್, ನೀರು ಸಿಡಿದರೂ ತಡೆಯುವಂಥದ್ದು. ಅದರ ಗುಂಡಿಯ ಮೇಲೆ 1ರಿಂದ 6ರವರೆಗೆ ಅಂಕಿಗಳಿವೆ, ಡಿಗ್ರಿ ಎಲ್ಲೂ ಇಲ್ಲ. ಮೂರಕ್ಕಿಟ್ಟು, ಗಿಡಗಳ ನಡುವೆ ಥರ್ಮಾಮೀಟರ್ ತೂಗುಹಾಕಿ ನೋಡಿದೆ. 9ಕ್ಕೆ ಇಳಿದಾಗ ಹೊತ್ತಿಕೊಂಡಿತು, 15 ಆದ ಮೇಲೆ ಆರಿತು. ಥರ್ಮೋಸ್ಟ್ಯಾಟ್ ಹೀಟರ್‌ನ ಹೊಟ್ಟೆಯಲ್ಲೇ, ನೆಲದ ಮಟ್ಟದಲ್ಲಿದೆ. ಮೇಲೆ ಬೆಂಚಿನ ಮೇಲಿರುವ ಗಿಡಕ್ಕೆ ಎಷ್ಟು ಚಳಿ ಎಂದು ಅದಕ್ಕೆ ಗೊತ್ತಾಗುವುದು ಹೇಗೆ?

ಇದಕ್ಕೆ ಉಪಾಯ ಸುಲಭ. ಉದ್ದ ವೈರಿನ ಸೆನ್ಸರ್ ಇರುವ ಡಿಜಿಟಲ್ ಪ್ಲಗ್ ಥರ್ಮೋಸ್ಟ್ಯಾಟ್ ಕೊಳ್ಳಿ. ಹೀಟರ್ ಎಳೆಯುವ ಕರೆಂಟ್ ಅದು ತಡೆಯುತ್ತದೆಯೇ ಎಂದು ನೋಡಿಕೊಳ್ಳಿ. ಸೆನ್ಸರ್ ಅನ್ನು ಎಲೆಗಳ ಮಟ್ಟಕ್ಕೆ, ನೇರ ಬಿಸಿಲು ಬೀಳದ ಕಡೆ ಕಟ್ಟಿ. ಹೀಟರ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟು ಲಗಾಮನ್ನು ಇದರ ಕೈಗೆ ಕೊಡಿ. ನಮ್ಮದು 12ಕ್ಕೆ ಹೊತ್ತುತ್ತದೆ, 13ಕ್ಕೆ ಆರುತ್ತದೆ. ಇಡೀ ಏರ್ಪಾಟಿನಲ್ಲಿ ನಾನು ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ಈ ಪುಟ್ಟ ಪೆಟ್ಟಿಗೆಯಿಂದ.

ಸೀಮೆಎಣ್ಣೆ, ಗ್ಯಾಸ್ ಹೀಟರ್ ಅಗ್ಗ ಅಲ್ವಾ ಎಂದು ಕೇಳುವವರಿದ್ದಾರೆ. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಒಳಗೇ ಸೇರುತ್ತದೆ. ಉರಿ ಸರಿಯಾಗಿಲ್ಲದಿದ್ದರೆ ಎಥಿಲೀನ್ ಅನಿಲವೂ ಬರುತ್ತದೆ. ಕ್ಯಾಟ್ಲಿಯಾ ಎಂಬ ಆರ್ಕಿಡ್‌ಗೆ ಅದು ಚೂರು ತಗುಲಿದರೂ ಸಾಕು, ಮೊಗ್ಗು ಒಣಗುತ್ತದೆ, ಹೂವಿನ ಹೊರದಳ ಕಾಗದದಂತಾಗುತ್ತದೆ. ವರ್ಷವಿಡೀ ಕಾದು ಬಂದ ಮೊಗ್ಗು ಹಾಗಾಗುವುದನ್ನು ನೋಡಲು ನನಗಂತೂ ಆಗುವುದಿಲ್ಲ.

ಶಾಖದಷ್ಟೇ ಮುಖ್ಯವಾದದ್ದು ಗಾಳಿಯಾಟ. ಬೆಳಗಿನ ಜಾವ ಚಾವಣಿಯಿಂದ ತೊಟ್ಟಿಕ್ಕುವ ತಣ್ಣನೆ ನೀರು ಎಲೆಗಳ ಸುಳಿಯಲ್ಲಿ ನಿಂತರೆ ಸುಳಿ ಕೊಳೆಯುತ್ತದೆ. ಅದಕ್ಕೇ ಒಂದು ಸಣ್ಣ ಫ್ಯಾನ್ ಹಗಲು ರಾತ್ರಿ ತಿರುಗುತ್ತಿರಲಿ. ಹೀಟರ್‌ನದೇ ಫ್ಯಾನನ್ನು ಹಾಗೆ ಓಡಿಸಿದರೆ ಬೇರಿಂಗ್ ಬೇಗ ಸವೆಯುತ್ತದೆ. ನಮ್ಮ ಊರಿನಿಂದ ಅಷ್ಟೇನೂ ದೂರವಿಲ್ಲದ ಚಾಟ್ಸ್‌ವರ್ತ್ ಬಂಗಲೆಯ ತೋಟದಲ್ಲಿ 1830ರ ದಶಕದಲ್ಲೇ ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಈ ಗುಟ್ಟು ಹಿಡಿದಿದ್ದ. ಆಗ ಇಲ್ಲಿನವರು ಆರ್ಕಿಡ್‌ಗಳನ್ನು ಮುಚ್ಚಿದ ಬಿಸಿಮನೆಗಳಲ್ಲಿ ಬೇಯಿಸಿ ಸಾಯಿಸುತ್ತಿದ್ದರು. ಭಾರತದ ಖಾಸಿ ಬೆಟ್ಟಗಳಿಂದ ಅಲ್ಲಿನದೇ ತೋಟಗಾರ ಜಾನ್ ಗಿಬ್ಸನ್ 1837ರಲ್ಲಿ ತಂದ ಗಿಡಗಳು ಸೇರಿದ್ದು ಪ್ಯಾಕ್ಸ್‌ಟನ್ ಕೈಗೆ. ಅವನು ಗಾಳಿ ಬಿಟ್ಟ, ಶಾಖ ಇಳಿಸಿದ.

ಯಾವ ಗಿಡ ಇಡಬೇಕು ಎಂಬುದನ್ನು ಬಿಲ್ಲೇ ತೀರ್ಮಾನಿಸುತ್ತದೆ. 12 ಡಿಗ್ರಿಯಲ್ಲಿ ಸಿಂಬಿಡಿಯಂ, ಡೆಂಡ್ರೋಬಿಯಂ ನೋಬಿಲೆ, ಸೀಲಾಜಿನ್ ಸುಖವಾಗಿವೆ. ಕ್ಯಾಟ್ಲಿಯಾಗಳು ಬೇರು ಒದ್ದೆಯಾಗಿರದಿದ್ದರೆ ತಡೆದುಕೊಳ್ಳುತ್ತವೆ. ಫೆಲನಾಪ್ಸಿಸ್‌ಗೆ ರಾತ್ರಿಯೂ 16ರಿಂದ 18 ಬೇಕು. ಅದರೊಂದಕ್ಕಾಗಿ ಇಡೀ ಗ್ರೀನ್‌ಹೌಸ್ ಕಾಯಿಸುವುದು ದಂಡ, ಅದು ಮನೆಯೊಳಗಿನ ಕಿಟಕಿಯಲ್ಲೇ ಚೆನ್ನಾಗಿ ಬರುತ್ತದೆ. ನಮ್ಮ ಮಲೆನಾಡಿನ ಸೀತಾಳೆ ದಂಡೆ ಬೇಕೆಂಬ ಆಸೆ ನನಗೂ ಇದೆ. ಆದರೆ ಊರಿನ ಹಲಸಿನ ಮರದಿಂದ ಕಿತ್ತು ಸುಮ್ನೆ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಆರ್ಕಿಡ್‌ಗಳೆಲ್ಲ ಕಾಡು ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಪರವಾನಗಿ ಬೇಕೇ ಬೇಕು. ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಿ. ಇನ್ನು ಬೆಂಗಳೂರಿನ ಓದುಗರಿಗೆ ಹೀಟರ್ ಗೊಡವೆಯೇ ಬೇಡ, ನೆರಳು ಬಲೆ ಸಾಕು.

ಕರೆಂಟ್ ಕೆಲಸವನ್ನು ನೋಂದಾಯಿತ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ನೆಲದಡಿ ಉಕ್ಕಿನ ಕವಚದ ಕೇಬಲ್, ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪ್ ಆರ್‌ಸಿಡಿ ಇರಲೇಬೇಕು. ಆರ್‌ಸಿಡಿ ನಡುರಾತ್ರಿ ಟ್ರಿಪ್ ಆದರೆ ಹೀಟರ್ ಸದ್ದಿಲ್ಲದೆ ನಿಲ್ಲುತ್ತದೆ. ಹಾಗಾಗಿ ಬ್ಯಾಟರಿಯಲ್ಲಿ ಓಡುವ, ಮಲಗುವ ಕೋಣೆಯಲ್ಲಿ ಕೂಗುವ ಚಳಿ ಅಲಾರಂ ಇಟ್ಟಿದ್ದೇವೆ.

ಬೇಸಿಗೆಯ ಪಾಡೇ ಬೇರೆ. 2022ರ ಜುಲೈ 19ರಂದು ಲಿಂಕನ್‌ಷೈರ್‌ನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಆ ವಾರ ಗಿಡಗಳನ್ನೆಲ್ಲ ಹೊರಗೆ, ಮರದ ನೆರಳಿಗೆ ಸಾಗಿಸಿದೆವು. ಕಿಟ್‌ನಲ್ಲಿ ಚಾವಣಿಗೆ ಒಂದೇ ಕಿಟಕಿ ಬರುತ್ತದೆ. ಅದು ಸಾಲದು, ಆರ್ಡರ್ ಮಾಡುವಾಗಲೇ ಇನ್ನೊಂದು ಸೇರಿಸಿಕೊಳ್ಳಿ. ಕಿಟಕಿ ತಾನಾಗಿ ತೆರೆಯುವ ಓಪನರ್‌ಗೆ ಕರೆಂಟ್ ಬೇಡ, ಸಿಲಿಂಡರ್ ಒಳಗಿನ ಮೇಣ ಬಿಸಿಗೆ ಉಬ್ಬಿ ಕಿಟಕಿಯನ್ನು ಎತ್ತುತ್ತದೆ. ಕೆಲವು ವರ್ಷಕ್ಕೆ ಅದು ಸೋತರೆ ಸಿಲಿಂಡರ್ ಒಂದನ್ನೇ ಬದಲಿಸಬಹುದು, ಇಡೀ ಓಪನರ್ ಕೊಳ್ಳಬೇಕಾಗಿಲ್ಲ.