ಫ್ರೀಬಿಎಸ್‌ಡಿ ಕರೆಂಟ್: ಕೋರ್‌ಗಳು ಏಳದಿದ್ದಾಗ ಎಷ್ಟು ನೆರವಾಗುತ್ತದೆ?

ಕರೆಂಟ್ ಅಂದರೆ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇನ್ನೂ ಕೆಲಸ ನಡೆಯುತ್ತಿರುವ ಬ್ರಾಂಚ್. ಇವತ್ತು ಚೆನ್ನಾಗಿ ಬೂಟ್ ಆದ ಕರ್ನಲ್ (ಸಿಸ್ಟಮ್‌ನ ತಿರುಳು) ನಾಳೆ ಸೋರ್ಸ್ ಅಪ್‌ಡೇಟ್ ಮಾಡಿದ ಮೇಲೂ ಆಗಲೇಬೇಕು ಅಂತೇನಿಲ್ಲ. ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಬಾಯಿಬಿಡುತ್ತದಾ, ನಾನು ನೋಡುವುದು ಅದನ್ನೇ. ಆ ವಿಷಯದಲ್ಲಿ ಇದು ನನಗೆ ತುಂಬಾ ಇಷ್ಟ.

ಹೊಸ ಮದರ್‌ಬೋರ್ಡ್‌ಗೆ ಹಾಕಿದಾಗ ಕರ್ನಲ್ ಲೋಡ್ ಆಗಿ, ಮೆಮೊರಿ ಲೆಕ್ಕ ತೋರಿಸಿ, ಸ್ವಲ್ಪ ಹೊತ್ತು ಸುಮ್ನೆ ನಿಂತು, ‘ಎಪಿ #3 (ಪಿಎಚ್‌ವೈ# 6) ಫೇಲ್ಡ್!’ ಅಂತ ಪ್ಯಾನಿಕ್ ಆಯಿತು, ಅಂದರೆ ಮುಂದೆ ಹೋಗಲಾರೆ ಅಂತ ಕರ್ನಲ್ ನಿಂತೇಬಿಟ್ಟಿತು. ಈ ಒಂದು ಸಾಲಿನಲ್ಲೇ ಬೇಕಾದಷ್ಟು ವಿಷಯ ಇದೆ. ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಮಷಿನ್‌ನಲ್ಲಿ ಮೊದಲು ಏಳುವುದು ಪ್ರೊಸೆಸರ್‌ನ ಒಂದೇ ಕೋರ್. ಅದು ಉಳಿದವಕ್ಕೆ (ಇವೇ ಎಪಿಗಳು) ಇನಿಟ್, ಆಮೇಲೆ ಸ್ಟಾರ್ಟಪ್ ಸಿಗ್ನಲ್ ಕಳಿಸಿ ಎಬ್ಬಿಸುತ್ತದೆ. ಅವು ಮೆಮೊರಿಯ ಮೊದಲ 1 ಎಂಬಿಯೊಳಗೆ ಇಟ್ಟಿರುವ ಪುಟ್ಟ ಕೋಡ್‌ನಿಂದ 16 ಬಿಟ್ ಮೋಡ್‌ನಲ್ಲಿ ಶುರುವಾಗಿ 64 ಬಿಟ್‌ಗೆ ಬರಬೇಕು. 5 ಸೆಕೆಂಡ್ ಕಾದರೂ ಒಂದು ಕೋರ್ ಎದ್ದ ಸುಳಿವಿಲ್ಲ ಅಂದರೆ ಈ ಪ್ಯಾನಿಕ್. ಅದೇ, ಪ್ಯಾನಿಕ್ ಆಗದೆ ‘ಲಾಂಚಿಂಗ್ ಎಪಿಸ್: 1 2’ ಅಂತ ಅರ್ಧಕ್ಕೆ ನಿಂತರೆ, ಕೋರ್ ಎದ್ದಿದೆ, ಆಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಎರಡೂ ಬೇರೆ ಬೇರೆ ರೋಗ, ಹುಡುಕುವ ಜಾಗವೂ ಬೇರೆ.

ಲೋಡರ್ (ಕರ್ನಲನ್ನು ಮೆಮೊರಿಗೆ ತರುವ ಪ್ರೋಗ್ರಾಂ) ಮೆನುವಿನಿಂದ ಪ್ರಾಂಪ್ಟ್‌ಗೆ ಹೋಗಿ, ಉಳಿದ ಕೋರ್‌ಗಳನ್ನು ಎಬ್ಬಿಸದಂತೆ ‘ಕರ್ನ್.ಎಸ್‌ಎಂಪಿ.ಡಿಸೇಬಲ್ಡ್’ ಅನ್ನು 1 ಮಾಡಿ, ‘ಬೂಟ್ -ವಿ’ (ವಿವರ ಹೆಚ್ಚು ತೋರಿಸುವ ಬೂಟ್) ಕೊಟ್ಟೆ. ಒಂದೇ ಕೋರ್‌ನಲ್ಲಿ ಆರಾಮಾಗಿ ಬೂಟ್ ಆಯಿತು. ಅಲ್ಲಿಗೆ ಡಿಸ್ಕ್, ಡ್ರೈವರ್ ಮೇಲಿನ ಅನುಮಾನ ಹೋಯಿತು. ಮುಂದೆ ‘ಹಿಂಟ್.ಲ್ಯಾಪಿಕ್.6.ಡಿಸೇಬಲ್ಡ್’ ಅನ್ನು 1 ಮಾಡಿ ಆ ಒಂದು ಕೋರ್ ಮಾತ್ರ ಬಿಟ್ಟೆ, ಉಳಿದವೆಲ್ಲ ಎದ್ದವು. ಗಮನಿಸಿ, ಇಲ್ಲಿ ಕೊಡಬೇಕಾದ್ದು ಎಪಿಕ್ ಐಡಿ (ಕೋರ್‌ಗೆ ಹಾರ್ಡ್‌ವೇರ್ ಕೊಟ್ಟ ನಂಬರ್), ಅಂದರೆ ಪ್ಯಾನಿಕ್ ಸಾಲಿನ ಆ 6. ಮೊದಲಿನ 3 ಅಲ್ಲ. ಕೊನೆಗೆ ಬೋರ್ಡ್‌ನ ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ಹೊಸ ಕರ್ನಲ್ ಹಾಕುವಾಗ ಓಡುತ್ತಿರುವ ಹಳೆಯದನ್ನು ‘ಕರ್ನಲ್.ಓಲ್ಡ್’ ಅಂತ ಎತ್ತಿಡುತ್ತದೆ, ವಾಪಸ್ ಬರಲು ದಾರಿ ಇರುತ್ತದೆ. ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದ್ದರೆ ಮೊದಲೇ ‘ಬೆಕ್ಟಲ್’ ಕಮಾಂಡ್‌ನಲ್ಲಿ ಒಂದು ಬೂಟ್ ಎನ್ವಿರಾನ್‌ಮೆಂಟ್ (ಬೇಕಾದಾಗ ಬೂಟ್ ಮಾಡಬಹುದಾದ ಸಿಸ್ಟಮ್‌ನ ಪ್ರತಿ) ಮಾಡಿಟ್ಟುಕೊಳ್ಳಿ, ಇನ್ನೂ ನಿಶ್ಚಿಂತೆ.

ತಪ್ಪು ಹಿಡಿಯುವ ವಿಟ್ನೆಸ್, ಇನ್‌ವೇರಿಯಂಟ್ಸ್ ಎಂಬ ತಪಾಸಣೆಗಳು ಎರಡೂ ಕರೆಂಟ್‌ನ ಜೆನೆರಿಕ್ (ಮಾಮೂಲಿ) ಕರ್ನಲ್‌ನಲ್ಲೇ ಆನ್ ಆಗಿರುತ್ತವೆ. ಎರಡು ಕೋರ್‌ಗಳು ಲಾಕ್‌ಗಳನ್ನು ಉಲ್ಟಾ ಕ್ರಮದಲ್ಲಿ ಹಿಡಿದರೆ ವಿಟ್ನೆಸ್ ಕಂಡುಹಿಡಿದು ಹೇಳುತ್ತದೆ. ಅದಕ್ಕೆ ತೆರುವ ಬೆಲೆ ವೇಗ, ಸಿಸ್ಟಮ್ ನಿಧಾನ ಅಂತ ಗೊತ್ತಾಗೇ ಆಗುತ್ತದೆ. ಬೇಡ ಅಂದರೆ ಅವಿಲ್ಲದ ಜೆನೆರಿಕ್-ನೋಡೀಬಗ್ ಇದೆ, ಆದರೆ ಬೂಟ್ ತೊಂದರೆ ಹುಡುಕುವಾಗ ಅದನ್ನು ಹಾಕಬೇಡಿ.

ಬೇಸರ ಆದದ್ದು ಎರಡು ಕಡೆ. ಪ್ಯಾನಿಕ್ ಆಗಿ ಡಿಡಿಬಿ (ಕರ್ನಲ್ ಒಳಗಿನ ಡೀಬಗರ್) ಪ್ರಾಂಪ್ಟ್ ಬಂದಾಗ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡಲಿಲ್ಲ, ಎಲ್ಲಿ ಕೆಟ್ಟಿತು ಅಂತ ತೋರಿಸುವ ‘ಬಿಟಿ’ ಕಮಾಂಡಿನ ಎರಡಕ್ಷರ ಒತ್ತುವುದಕ್ಕೂ ಸೀರಿಯಲ್ ಕೇಬಲ್ ಬೇಕಾಯಿತು. ಸ್ಕ್ರೀನ್ ಮೇಲೆ ಓಡಿಹೋಗುವ ಸಾಲುಗಳನ್ನು ಹಿಡಿದಿಡಲೂ ಅದೇ ಒಳ್ಳೆಯದು, ಸೀರಿಯಲ್ ಪೋರ್ಟ್ ಇರುವ ಬೋರ್ಡನ್ನೇ ತಗೊಳ್ಳಿ. ಇನ್ನೊಂದು, ಇಷ್ಟು ಒಳ್ಳೆಯ ಲೋಡರ್ ಸೆಟ್ಟಿಂಗ್‌ಗಳು ಬೇರೆ ಬೇರೆ ಮ್ಯಾನ್ ಪೇಜ್‌ಗಳಲ್ಲಿ (ಸಿಸ್ಟಮ್‌ನ ಕೈಪಿಡಿ ಪುಟಗಳಲ್ಲಿ) ಚದುರಿ ಬಿದ್ದಿವೆ. ಬೂಟೇ ಆಗದ ಮಷಿನ್ ಮುಂದೆ ಕೂತವರು ಎಲ್ಲಿ ಅಂತ ಹುಡುಕಬೇಕು, ಅಲ್ವಾ?

5ಕ್ಕೆ 4 ಸ್ಟಾರ್. ಕರ್ನಲ್ ಕೆಲಸ ಕಲಿಯುವವರು ಧೈರ್ಯವಾಗಿ ಹಾಕಿಕೊಳ್ಳಿ. ಆಫೀಸಿನ ಸರ್ವರ್‌ಗೆ ರಿಲೀಸ್ ವರ್ಶನ್ ಸಾಕು.